ಥರ್ಮೋಸ್ಟಾಟ್ ಗೋಡೆಯ ಮೇಲೆ, ಅದರ ಮಾಹಿತಿ ನೆಲಮಾಳಿಗೆಯಲ್ಲಿ

ಪ್ರಶ್ನೆ: ನಾವು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ಸಮೀಪದ ನೇಪರ್‌ವಿಲ್‌ನಲ್ಲಿ 1980ರ ದಶಕದಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡಿದ್ದೇವೆ. ಮನೆಯ ಶಾಖ, ತಂಪನ್ನು ಹದದಲ್ಲಿಡಲು ಗೋಡೆಯ ಮೇಲಿರುವ ಹಳೆಯ ದುಂಡನೆಯ ಥರ್ಮೋಸ್ಟಾಟ್ ತೆಗೆದು ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಬೇಕೆಂದು ಒಂದನ್ನು ತಂದಿದ್ದೇನೆ. ಹಳೆಯದರ ಹಿಂದೆ ನಾಲ್ಕು ತಂತಿಗಳಿವೆ, ಹೊಸದರ ಹಿಂದೆ ಹತ್ತಾರು ಅಕ್ಷರಗಳಿವೆ. ಪೆಟ್ಟಿಗೆಯಲ್ಲಿದ್ದ ಹಾಳೆ ‘ಸಿ ತಂತಿ ಬೇಕು’ ಎನ್ನುತ್ತದೆ, ಅಂಗಡಿಯವರು ಬೇಡವೆಂದರು, ಫೋನಿನ ಆ್ಯಪ್ ‘ನಿಮ್ಮ ಮನೆಗೆ ಹೊಂದುತ್ತದೆ’ ಎಂದು ಹಸಿರು ಗುರುತು ತೋರಿಸಿತು. ಯಾವುದನ್ನು ನಂಬಲಿ? ಇಂಥ ಉಪಕರಣದ ನಿಜವಾದ ತಾಂತ್ರಿಕ ಮಾಹಿತಿ ಎಲ್ಲಿ ಸಿಗುತ್ತದೆ? ಎಂಜಿನಿಯರ್ ಅಲ್ಲದವರು ಅದನ್ನು ಓದಿ ತಿಳಿದುಕೊಳ್ಳುವುದು ಹೇಗೆ? ಇಂಥದ್ದೇ ಒಂದನ್ನು ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೂ ಒಯ್ಯಬಹುದೇ? ಹಳೆಯ ಥರ್ಮೋಸ್ಟಾಟನ್ನು ಏನು ಮಾಡಬೇಕು?

ಉತ್ತರ: ನಿಮಗೆ ಸಿಕ್ಕ ಮೂರು ಉತ್ತರಗಳಲ್ಲಿ ಯಾವುದೂ ಸುಳ್ಳಲ್ಲ, ಆದರೆ ಮೂರರಲ್ಲಿ ಒಂದೂ ನಿಮ್ಮ ಮನೆಯನ್ನು ನೋಡಿ ಕೊಟ್ಟದ್ದಲ್ಲ. ಪೆಟ್ಟಿಗೆಯ ಹಾಳೆ ಆ ಮಾದರಿಯನ್ನು ಕೊಳ್ಳುವ ಎಲ್ಲರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು. ಅಂಗಡಿಯವರು ಸಿ ಇಲ್ಲದೆಯೂ ನಡೆಯುತ್ತಿರುವ ಮನೆಗಳನ್ನು ಕಂಡಿರುತ್ತಾರೆ. ಆ್ಯಪ್ ಮಾತ್ರ ನೀವು ಒತ್ತಿದ ನಾಲ್ಕು ಅಕ್ಷರಗಳನ್ನು ತನ್ನಲ್ಲಿರುವ ಪಟ್ಟಿಯೊಡನೆ ತಾಳೆ ನೋಡಿ ಹಸಿರು ಗುರುತು ಹಾಕುತ್ತದೆ. ಆ ತಂತಿಗಳ ಇನ್ನೊಂದು ತುದಿಯಲ್ಲಿ ಏನಿದೆಯೆಂದು ತಿಳಿಯುವ ದಾರಿ ಅದಕ್ಕಿಲ್ಲ. ಆ ಇನ್ನೊಂದು ತುದಿ ನಿಮ್ಮ ನೆಲಮಾಳಿಗೆಯ ಫರ್ನೇಸ್‌ನಲ್ಲಿದೆ, ಎಂದರೆ ಮನೆಯನ್ನು ಬೆಚ್ಚಗಿಡುವ ಯಂತ್ರದಲ್ಲಿ. ಥರ್ಮೋಸ್ಟಾಟ್ ಕುರಿತು ನಿಮಗೆ ಬೇಕಾದ ಮಾಹಿತಿಯ ದೊಡ್ಡ ಪಾಲು ಇರುವುದು ಅಲ್ಲಿಯೇ, ಫರ್ನೇಸ್‌ನ ಬಾಗಿಲಿನ ಒಳಬದಿಗೆ ಅಂಟಿಸಿದ ಒಂದು ನಕ್ಷೆಯಲ್ಲಿ. ಹೆಚ್ಚಿನವರು ಥರ್ಮೋಸ್ಟಾಟ್‌ನ ಹೆಸರನ್ನು ಹುಡುಕುತ್ತಾ ಗಂಟೆಗಟ್ಟಲೆ ಕಳೆಯುತ್ತಾರೆ, ಆ ಬಾಗಿಲನ್ನು ಮಾತ್ರ ತೆರೆಯುವುದಿಲ್ಲ.

ಏಕೆ ಹೀಗೆ ಎನ್ನುವುದು ತಿಳಿಯಬೇಕಾದರೆ ಈ ಉಪಕರಣ ಮೂಲತಃ ಏನೆಂಬುದನ್ನು ನೋಡಬೇಕು. ನಮ್ಮಲ್ಲಿ ಬಹಳಷ್ಟು ಜನ ಬೆಳೆದ ಮನೆಗಳಲ್ಲಿ ಗೋಡೆಯ ಥರ್ಮೋಸ್ಟಾಟ್ ಇರಲಿಲ್ಲ, ಆದರೆ ಇಸ್ತ್ರಿಪೆಟ್ಟಿ ಇತ್ತು. ಅದು ಕಾದಾಗ ‘ಟಿಕ್’ ಎಂದು ದೀಪ ಆರುತ್ತಿತ್ತು, ಪೆಟ್ಟಿ ತಣಿದಾಗ ಮತ್ತೆ ‘ಟಿಕ್’ ಎಂದು ಹತ್ತುತ್ತಿತ್ತು. ಎರಡು ಲೋಹಗಳ ಪಟ್ಟಿಯೊಂದು ಶಾಖಕ್ಕೆ ಬಾಗಿ ಸಂಪರ್ಕ ಕಡಿಯುವುದು, ತಣಿದು ನೆಟ್ಟಗಾಗಿ ಸಂಪರ್ಕ ಕೂಡಿಸುವುದು: ಥರ್ಮೋಸ್ಟಾಟ್ ಎಂದರೆ ಇಷ್ಟೇ. ನಿಮ್ಮ ಗೋಡೆಯ ಮೇಲಿನ ದುಂಡನೆಯದು ಹನಿವೆಲ್ ಸಂಸ್ಥೆ 1953ರಲ್ಲಿ ಹೊರತಂದ ‘ರೌಂಡ್’ ಮಾದರಿಯ ವಂಶದ್ದಿರಬಹುದು. ಅದರೊಳಗೂ ಇಂಥದ್ದೇ ಲೋಹದ ಸುರುಳಿ ಇರುತ್ತದೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಸ್ತ್ರಿಪೆಟ್ಟಿಯಲ್ಲಿ ಕಾಯಿಸುವ ವಿದ್ಯುತ್ತೆಲ್ಲ ಆ ಪಟ್ಟಿಯ ಮೂಲಕವೇ ಹರಿಯುತ್ತದೆ. ಅಮೆರಿಕದ ನಿಮ್ಮಂಥ ಮನೆಯಲ್ಲಿ ಗೋಡೆಯ ಥರ್ಮೋಸ್ಟಾಟ್ ಏನನ್ನೂ ಕಾಯಿಸುವುದಿಲ್ಲ, ‘ಈಗ ಶಾಖ ಬೇಕು’, ‘ಈಗ ತಂಪು ಬೇಕು’ ಎಂದು ನೆಲಮಾಳಿಗೆಗೆ ಸೂಚನೆ ಕಳಿಸುತ್ತದೆ. ಆ ಸೂಚನೆ ಹೋಗುವುದು 24 ವೋಲ್ಟ್ ಪರ್ಯಾಯ ವಿದ್ಯುತ್ತಿನಲ್ಲಿ.

ಫರ್ನೇಸ್‌ನೊಳಗೆ ಮುಷ್ಟಿ ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಮನೆಯ 120 ವೋಲ್ಟನ್ನು 24 ವೋಲ್ಟಿಗೆ ಇಳಿಸುತ್ತದೆ. ಅದರ ಒಂದು ತುದಿಯ ಹೆಸರು ‘ಆರ್’, ಇನ್ನೊಂದು ತುದಿಯ ಹೆಸರು ‘ಸಿ’. ಆರ್ ತಂತಿ ಮೇಲೆ ಗೋಡೆಗೆ ಬರುತ್ತದೆ. ಥರ್ಮೋಸ್ಟಾಟ್ ಆ ಆರ್ ಅನ್ನು ‘ಡಬ್ಲ್ಯೂ’ಗೆ ಕೂಡಿಸಿದರೆ ಗ್ಯಾಸ್ ಹತ್ತಿಸುವ ಕೆಲಸ ಶುರುವಾಗುತ್ತದೆ, ‘ವೈ’ಗೆ ಕೂಡಿಸಿದರೆ ತಂಪಿಗಾಗಿ ಮನೆಯ ಹೊರಗಿರುವ ಎಸಿಯ ಕಂಪ್ರೆಸರ್ ಓಡುತ್ತದೆ, ‘ಜಿ’ಗೆ ಕೂಡಿಸಿದರೆ ಗಾಳಿ ದೂಡುವ ಬ್ಲೋವರ್ ತಿರುಗುತ್ತದೆ. ಹೋದ ವಿದ್ಯುತ್ತು ಮರಳಿ ಟ್ರಾನ್ಸ್‌ಫಾರ್ಮರಿಗೆ ಸೇರುವುದು ಸಿ ಮೂಲಕ, ಆದರೆ ಆ ಮರಳುವಿಕೆ ನೆಲಮಾಳಿಗೆಯಲ್ಲಿಯೇ ಮುಗಿದುಹೋಗುತ್ತದೆ. ನಿಮ್ಮ ಹಳೆಯ ಥರ್ಮೋಸ್ಟಾಟ್ ಬರೀ ಸ್ವಿಚ್ಚಾಗಿದ್ದುದರಿಂದ ಅದಕ್ಕೆ ತನ್ನದೇ ಆದ ವಿದ್ಯುತ್ತು ಬೇಕಿರಲಿಲ್ಲ. ಸಿ ತಂತಿಯನ್ನು ಮೇಲಕ್ಕೆ ತರುವ ಅಗತ್ಯ ಯಾರಿಗೂ ಕಾಣಲಿಲ್ಲ. ನಾಲ್ಕೇ ತಂತಿ ಇರುವುದಕ್ಕೆ ಕಾರಣ ಇದು. ಹೊಸದರಲ್ಲಿ ಪರದೆ ಇದೆ, ವೈಫೈ ಇದೆ, ಹಗಲಿರುಳು ಎಚ್ಚರವಾಗಿರುವ ಪ್ರೊಸೆಸರ್ ಇದೆ. ಅದಕ್ಕೆ ಟ್ರಾನ್ಸ್‌ಫಾರ್ಮರಿನ ಎರಡೂ ತುದಿಗಳು ಬೇಕು.

ಹಾಗಾದರೆ ಸಿ ಬೇಡವೆಂದ ಅಂಗಡಿಯವರ ಮಾತು ಹೇಗೆ ಸರಿ? ಕೆಲವು ಮಾದರಿಗಳು ಶಾಖ ಅಥವಾ ತಂಪಿನ ಕರೆ ಇಲ್ಲದ ಹೊತ್ತಿನಲ್ಲಿ ಡಬ್ಲ್ಯೂ ಅಥವಾ ವೈ ತಂತಿಯ ಮೂಲಕ ತುಸು ವಿದ್ಯುತ್ತನ್ನು ಎಳೆದುಕೊಂಡು ತಮ್ಮೊಳಗಿನ ಬ್ಯಾಟರಿಯನ್ನು ತುಂಬಿಸಿಕೊಳ್ಳುತ್ತವೆ. ಆ ವಿದ್ಯುತ್ತು ಎಷ್ಟು ಸಣ್ಣದಿರಬೇಕೆಂದರೆ ಆ ಕಡೆಯ ರಿಲೇ, ಎಂದರೆ ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು, ಎಳೆದುಕೊಳ್ಳಬಾರದು, ಗ್ಯಾಸ್ ಹತ್ತಬಾರದು. ಬಹಳಷ್ಟು ಮನೆಗಳಲ್ಲಿ ಇದು ಸುಗಮವಾಗಿ ನಡೆಯುತ್ತದೆ. ಆದರೆ ಕೆಲವು ಫರ್ನೇಸ್‌ಗಳ ಎಲೆಕ್ಟ್ರಾನಿಕ್ ಬೋರ್ಡು ಬಹಳ ಸೂಕ್ಷ್ಮವಾಗಿದ್ದು, ಆ ತುಸು ವಿದ್ಯುತ್ತನ್ನೇ ಕರೆಯೆಂದು ತಿಳಿದು ರಿಲೇಯನ್ನು ಟಿಕ್ ಟಿಕ್ ಎನ್ನಿಸುತ್ತದೆ, ಇಲ್ಲವೆ ಬ್ಲೋವರನ್ನು ಕಾರಣವಿಲ್ಲದೆ ತಿರುಗಿಸುತ್ತದೆ. ಇನ್ನು ಕೆಲವೆಡೆ ಎಳೆದುಕೊಂಡದ್ದು ಸಾಲದೆ ಬ್ಯಾಟರಿ ದಿನದಿನಕ್ಕೆ ಇಳಿಯುತ್ತದೆ. ಮೊದಲು ವೈಫೈ ಕಡಿದುಹೋಗುತ್ತದೆ, ಆಮೇಲೆ ಪರದೆ ಕಪ್ಪಾಗುತ್ತದೆ. ಇಲಿನಾಯ್‌ನ ಜನವರಿಯಲ್ಲಿ ಇದು ಸಣ್ಣ ಅನನುಕೂಲವಲ್ಲ. ಶಾಖ ನಿಂತ ಮನೆಯಲ್ಲಿ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಆದ್ದರಿಂದ ‘ಸಿ ಇಲ್ಲದೆಯೂ ನಡೆಯುತ್ತದೆ’ ಎಂಬ ಮಾತನ್ನು ನಾನು ‘ನಡೆದರೂ ನಡೆಯಬಹುದು’ ಎಂದೇ ಓದುತ್ತೇನೆ, ಚಳಿ ನಾಡಿನ ಮನೆಗೆ ಸಿ ತಂತಿ ಇರಲೇಬೇಕೆಂದು ಹೇಳುತ್ತೇನೆ.

ಈಗ ನೆಲಮಾಳಿಗೆಗೆ ಇಳಿಯೋಣ. ಮೊದಲು ಫರ್ನೇಸ್‌ನ ಪಕ್ಕದಲ್ಲಿರುವ ಸ್ವಿಚ್ಚನ್ನು ಆರಿಸಿ, ಬ್ರೇಕರನ್ನೂ ಕೆಳಗೆ ಮಾಡಿ. ಫರ್ನೇಸ್‌ನ ಮುಂಬದಿಯಲ್ಲಿ ಮೇಲೊಂದು ಕೆಳಗೊಂದು ತಗಡಿನ ಬಾಗಿಲುಗಳಿರುತ್ತವೆ. ಸಾಮಾನ್ಯವಾಗಿ ಕೆಳಗಿನದು ಬ್ಲೋವರಿನ ಬಾಗಿಲು. ಅದನ್ನು ತುಸು ಮೇಲೆತ್ತಿ ಮುಂದಕ್ಕೆ ಎಳೆದರೆ ಕೈಗೆ ಬರುತ್ತದೆ. ಆಗ ಚೌಕಟ್ಟಿನಲ್ಲಿ ಒಂದು ಪುಟ್ಟ ಗುಂಡಿ ಹೊರಚಿಮ್ಮುವುದನ್ನು ಗಮನಿಸಿ. ಬಾಗಿಲು ತೆರೆದಿದ್ದಾಗ ಯಂತ್ರ ನಡೆಯದಂತೆ ತಡೆಯುವ ಸುರಕ್ಷಾ ಸ್ವಿಚ್ಚದು. ಬಾಗಿಲನ್ನು ಮರಳಿ ಸರಿಯಾಗಿ ಕೂರಿಸದಿದ್ದರೆ ‘ಹೊಸ ಥರ್ಮೋಸ್ಟಾಟ್ ಸತ್ತಿದೆ’ ಎಂದು ದೂರುವಂತಾಗುವುದು ಇದರಿಂದಲೇ. ಈಗ ಬಾಗಿಲನ್ನು ತಿರುಗಿಸಿ ಅದರ ಬೆನ್ನು ನೋಡಿ. ಧೂಳು ಹಿಡಿದ, ಅಂಚು ಹಳದಿಯಾದ ಒಂದು ಹಾಳೆ ಅಂಟಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅಕ್ಷರ ಅಳಿಸೀತು. ಒಣ ಬಟ್ಟೆಯಿಂದ ಮೆಲ್ಲನೆ ತಟ್ಟಿ, ನೆಟ್ಟಗೆ ನಿಂತು ಚಿತ್ರ ತೆಗೆದುಕೊಳ್ಳಿ. ಅದು ನಿಮ್ಮ ಫರ್ನೇಸ್‌ನ ವೈರಿಂಗ್ ನಕ್ಷೆ. ಒಳಗೋಡೆಯ ಮೇಲೆ ಇನ್ನೊಂದು ಚೀಟಿ ಇರುತ್ತದೆ: ತಯಾರಕರ ಹೆಸರು, ಪೂರ್ತಿ ಮಾದರಿ ಸಂಖ್ಯೆ, ಕ್ರಮಸಂಖ್ಯೆ. ಅದರ ಚಿತ್ರವೂ ಬೇಕು. ಮನೆ 1980ರ ದಶಕದ್ದಾದರೂ ಫರ್ನೇಸ್ ಈ ನಡುವೆ ಒಮ್ಮೆ ಬದಲಾಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಮನೆಯ ವಯಸ್ಸಿನಿಂದ ಯಂತ್ರದ ವಯಸ್ಸನ್ನು ಊಹಿಸಬೇಡಿ.

ಆ ನಕ್ಷೆಯನ್ನು ಕಂಡು ಗಾಬರಿಯಾಗುವುದು ಸಹಜ, ಆದರೆ ನಿಮಗೆ ಬೇಕಾದದ್ದು ಅದರ ಒಂದು ಮೂಲೆ ಮಾತ್ರ. ಮೊದಲು ಕೆಳಗಿರುವ ಗುರುತುಗಳ ವಿವರಣೆಯನ್ನು ಓದಿ. ಸಾಮಾನ್ಯವಾಗಿ ದಪ್ಪ ಗೆರೆಗಳು 120 ವೋಲ್ಟಿನವು, ತೆಳು ಗೆರೆಗಳು 24 ವೋಲ್ಟಿನವು, ತುಂಡು ತುಂಡಾದ ಗೆರೆಗಳು ಕಾರ್ಖಾನೆಯಲ್ಲಿ ಹಾಕದೆ ಮನೆಯಲ್ಲಿ ಜೋಡಿಸಬೇಕಾದ ತಂತಿಗಳು. ಇದನ್ನು ತಿಳಿದುಕೊಂಡರೆ ಮುಕ್ಕಾಲು ನಕ್ಷೆಯನ್ನು ಪಕ್ಕಕ್ಕಿಡಬಹುದು. ತುಂಡು ಗೆರೆಗಳು ಬಂದು ಸೇರುವ ಜಾಗದಲ್ಲಿ ಆರ್, ಸಿ, ಡಬ್ಲ್ಯೂ, ವೈ, ಜಿ ಎಂಬ ಅಕ್ಷರಗಳ ಸಾಲು ಸಿಗುತ್ತದೆ. ಈಗ ನಕ್ಷೆಯಿಂದ ಕಣ್ಣೆತ್ತಿ ಫರ್ನೇಸ್‌ನ ಬೋರ್ಡನ್ನು ನೋಡಿ, ಅದೇ ಸಾಲು ತಿರುಪುಗಳ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಸಿ ತಿರುಪಿನಲ್ಲಿ ಈಗಾಗಲೇ ಒಂದು ತಂತಿ ಇದ್ದರೆ ಅದು ಗೋಡೆಗೆ ಹೋಗುತ್ತದೆಂದು ತಿಳಿಯಬೇಡಿ. ಹೊರಗಿನ ಕಂಪ್ರೆಸರಿಗೆ ವೈ ಮತ್ತು ಸಿ ಎಂಬ ಎರಡು ತಂತಿಗಳು ಹೋಗುತ್ತವೆ. ಬಹುಪಾಲು ಅದು ಅಲ್ಲಿಗೆ ಹೋದದ್ದೇ. ತಂತಿ ಯಾವ ಕವಚದೊಳಗಿನಿಂದ ಬಂದಿದೆಯೆಂದು ಬೆರಳಿಟ್ಟು ಹಿಂಬಾಲಿಸಿದರೆ ಮಾತ್ರ ನಿಜ ತಿಳಿಯುತ್ತದೆ.

ಹಾಗೆ ಹಿಂಬಾಲಿಸುವಾಗ ಒಂದು ಭಾಗ್ಯ ಕಾಣಬಹುದು. ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಗೋಡೆಯ ಕಡೆ ನಾಲ್ಕೇ ತಂತಿಗಳು ಕಂಡಿದ್ದವು. ಹಳೆಯ ತಟ್ಟೆಯನ್ನು ಬಿಚ್ಚಿ, ಗೋಡೆಯ ತೂತಿನಿಂದ ಕಂದು ಬಣ್ಣದ ಕವಚವನ್ನು ಒಂದು ಅಂಗುಲ ಹೊರಗೆಳೆದಾಗ, ನೀಲಿ ತಂತಿಯೊಂದು ಆ ಕವಚಕ್ಕೇ ನಾಲ್ಕು ಸುತ್ತು ಸುತ್ತಿಕೊಂಡು ಕುಳಿತಿತ್ತು. ನೆಲಮಾಳಿಗೆಯ ತುದಿಯಲ್ಲೂ ಅದೇ ನೀಲಿ ತಂತಿ ಹಾಗೆಯೇ ಸುತ್ತಿಕೊಂಡಿತ್ತು. ಎಷ್ಟೋ ವರ್ಷಗಳ ಹಿಂದೆ ತಂತಿ ಎಳೆದವರು ಐದು ಎಳೆಗಳ ಕೇಬಲ್ ಹಾಕಿ, ಬೇಡದ ಒಂದನ್ನು ಕತ್ತರಿಸದೆ ಸುತ್ತಿಟ್ಟಿದ್ದರು. ಕೆಳಗೆ ಅದನ್ನು ಸಿ ತಿರುಪಿಗೆ, ಮೇಲೆ ಹೊಸ ಥರ್ಮೋಸ್ಟಾಟ್‌ನ ಸಿ ಗೂಡಿಗೆ ಸೇರಿಸಿದ್ದಷ್ಟೇ ಕೆಲಸ. ನಿಮ್ಮ ಮನೆಯಲ್ಲೂ ಮೊದಲು ಇದನ್ನೇ ಹುಡುಕಿ. ಸಿಗದಿದ್ದರೆ ಎರಡು ದಾರಿಗಳಿವೆ. ಹಲವು ತಯಾರಕರು ನಾಲ್ಕು ತಂತಿಗಳಲ್ಲೇ ಐದರ ಕೆಲಸ ಮಾಡಿಸುವ ಅಡಾಪ್ಟರನ್ನು ಕೊಡುತ್ತಾರೆ. ಇಕೋಬಿಯ ಪವರ್ ಎಕ್ಸ್‌ಟೆಂಡರ್ ಕಿಟ್ ಅಂಥದ್ದು, ಅದನ್ನು ಫರ್ನೇಸ್‌ನ ಕಡೆ ಜೋಡಿಸಬೇಕು. ಅದಕ್ಕಿಂತ ಗಟ್ಟಿಯಾದ ದಾರಿ ಹೊಸ ಕೇಬಲ್ ಎಳೆಸುವುದು. ಅಂಗಡಿಯಲ್ಲಿ ‘ಹದಿನೆಂಟು–ಐದು’ ಎಂದು ಕೇಳಿದರೆ ಕೊಡುತ್ತಾರೆ, ಎಂದರೆ 18 ಗೇಜ್ ದಪ್ಪದ ಐದು ಎಳೆಗಳು. ಎಳೆಸುವುದೇ ಆದರೆ ಎಂಟು ಎಳೆಗಳದ್ದನ್ನು ಎಳೆಸಿ ಎಂದು ನನ್ನ ಸಲಹೆ, ಮುಂದೆ ಶಾಖ, ತಂಪು ಎರಡನ್ನೂ ಒಂದೇ ಯಂತ್ರ ಕೊಡುವ ಹೀಟ್ ಪಂಪ್ ಹಾಕುವ ದಿನ ಬಂದರೆ ಗೋಡೆ ಮತ್ತೆ ಕೆದಕಬೇಕಾಗುವುದಿಲ್ಲ.

ಬಣ್ಣದ ವಿಷಯ ಒಂದು ಮಾತು. ಕೆಂಪು ಆರ್‌ಗೆ, ಬಿಳಿ ಡಬ್ಲ್ಯೂಗೆ, ಹಳದಿ ವೈಗೆ, ಹಸಿರು ಜಿಗೆ, ನೀಲಿ ಸಿಗೆ ಎನ್ನುವುದು ರೂಢಿ. ರೂಢಿಯೆಂದರೆ ಯಾರೂ ಮೀರಬಾರದ ನಿಯಮವಲ್ಲ. ನೀಲಿ ಮುಗಿದಿತ್ತೆಂದು ಕಂದು ತಂತಿ ಹಾಕಿದವರಿದ್ದಾರೆ. ತಿರುಪಿನ ಪಕ್ಕದ ಅಕ್ಷರವೇ ಆಧಾರ. ಆ ಅಕ್ಷರವೂ ಎಲ್ಲ ತಯಾರಕರಲ್ಲಿ ಒಂದೇ ಅರ್ಥ ಕೊಡುವುದಿಲ್ಲ. ಹೀಟ್ ಪಂಪ್ ಇರುವ ಮನೆಗಳಲ್ಲಿ ದಿಕ್ಕು ಬದಲಿಸುವ ಕವಾಟಕ್ಕೆ ‘ಓ’ ಅಥವಾ ‘ಬಿ’ ಎಂಬ ತಂತಿ ಹೋಗುತ್ತದೆ: ಓ ಪದ್ಧತಿಯಲ್ಲಿ ತಂಪಿನ ಹೊತ್ತಿಗೆ ಕವಾಟಕ್ಕೆ ವಿದ್ಯುತ್ತು, ಬಿ ಪದ್ಧತಿಯಲ್ಲಿ ಶಾಖದ ಹೊತ್ತಿಗೆ. ಹೆಚ್ಚಿನ ತಯಾರಕರು ಓ ಪದ್ಧತಿಯವರು, ರೀಮ್ ಮತ್ತು ರೂಡ್ ಬಿ ಪದ್ಧತಿಗೆ ಹೆಸರಾದವು. ಟ್ರೇನ್‌ನ ಕೆಲವು ಹಳೆಯ ಯಂತ್ರಗಳಲ್ಲಂತೂ ಬಿ ಎಂದರೆ ಕವಾಟವೇ ಅಲ್ಲ, ಅದೇ ಸಿ ತಂತಿ! ಅಲ್ಲಿ ಬಿಯನ್ನು ಬಿ ಗೂಡಿಗೇ ಹಾಕಿದರೆ ಕರೆ ಬಂದ ಕ್ಷಣ ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳು ನೇರ ಕೂಡಿ ಶಾರ್ಟ್ ಆಗುತ್ತದೆ. ಆ್ಯಪ್‌ನ ಹಸಿರು ಗುರುತನ್ನು ನಾನು ಕಡೆಯ ಮಾತೆಂದು ಒಪ್ಪದಿರುವುದು ಇಂಥ ಕಾರಣಗಳಿಗಾಗಿ.

ಫರ್ನೇಸ್ ಕಡೆಯ ಓದು ಮುಗಿದ ಮೇಲೆ ಥರ್ಮೋಸ್ಟಾಟ್‌ನ ದಾಖಲೆಗಳಿಗೆ ಬರೋಣ. ಒಂದೇ ಉಪಕರಣಕ್ಕೆ ತಯಾರಕರು ಬೇರೆ ಬೇರೆ ಓದುಗರಿಗಾಗಿ ಬೇರೆ ಬೇರೆ ಪುಸ್ತಿಕೆಗಳನ್ನು ಬರೆಯುತ್ತಾರೆ. ಪೆಟ್ಟಿಗೆಯಲ್ಲಿ ಬರುವ ತ್ವರಿತ ಹಾಳೆ ಚಿತ್ರಗಳಿಂದ ತುಂಬಿರುತ್ತದೆ, ವಿನಾಯಿತಿಗಳನ್ನು ಹೇಳುವುದಿಲ್ಲ. ಬಳಕೆದಾರರ ಕೈಪಿಡಿ ವೇಳಾಪಟ್ಟಿ ಹಾಕುವುದು, ಪರದೆ ಒರೆಸುವುದು ಮುಂತಾದವನ್ನು ಹೇಳುತ್ತದೆ. ನಿಮಗೆ ಬೇಕಾದದ್ದು ಅಳವಡಿಸುವವರ ಕೈಪಿಡಿ. ಯಾವ ಅಕ್ಷರಕ್ಕೆ ಏನು ಅರ್ಥ, ಯಾವ ಬಗೆಯ ಫರ್ನೇಸ್‌ಗೆ ಯಾವ ಸಂಖ್ಯೆ ಒತ್ತಬೇಕು ಎಂಬ ಕೋಷ್ಟಕಗಳು ಅದರಲ್ಲಿ ಮಾತ್ರ ಪೂರ್ತಿಯಾಗಿರುತ್ತವೆ. ಅದನ್ನು ಪೆಟ್ಟಿಗೆಯ ಮೇಲಿನ ಹೆಸರಿನಿಂದ ಹುಡುಕಬೇಡಿ. ಒಂದೇ ಹೆಸರಿನಲ್ಲಿ ಹಲವು ವರ್ಷಗಳ ಹಲವು ತಲೆಮಾರುಗಳು ಮಾರಾಟವಾಗಿರುತ್ತವೆ. ಮುಖಭಾಗವನ್ನು ಕಳಚಿ ಅದರ ಬೆನ್ನಿನ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು, ಕೊನೆಯ ಅಕ್ಷರವನ್ನೂ ಬಿಡದೆ ಬರೆದುಕೊಂಡು ತಯಾರಕರ ತಾಣದಲ್ಲಿ ಹುಡುಕಿ. ಹನಿವೆಲ್ ಹೋಮ್ ಎಂಬ ಹೆಸರಿನವಾದರೆ ಇನ್ನೊಂದು ಸಂಗತಿ ಗೊತ್ತಿರಬೇಕು: ಆ ವಿಭಾಗ 2018ರಲ್ಲಿ ರೆಸಿಡಿಯೊ ಎಂಬ ಬೇರೆ ಸಂಸ್ಥೆಯಾಯಿತು, ಹೀಗಾಗಿ ಕೈಪಿಡಿಗಳು ಹನಿವೆಲ್‌ನ ತಾಣದಲ್ಲಿ ಸಿಗದೆ ರೆಸಿಡಿಯೊದಲ್ಲಿ ಸಿಗುತ್ತವೆ. ಅದೇ ಮನೆತನದಲ್ಲಿ ‘ಆರ್‌ಟಿಎಚ್’ ಎಂದು ಶುರುವಾಗುವವು ಅಂಗಡಿಯಲ್ಲಿ ಮಾರುವವು, ‘ಟಿಎಚ್’ ಎಂದು ಶುರುವಾಗುವವು ತಂತ್ರಜ್ಞರ ಮೂಲಕ ಬರುವವು. ನೋಡಲು ಒಂದೇ ರೀತಿ ಇದ್ದರೂ ಒಳಗಿನ ಆಯ್ಕೆಗಳು ಒಂದೇ ಆಗಿರಬೇಕಿಲ್ಲ.

ದಾಖಲೆಯ ದಿನಾಂಕವನ್ನೂ ನೋಡಬೇಕು. ಸ್ಮಾರ್ಟ್ ಉಪಕರಣದ ನಡತೆ ಕಾಗದದಲ್ಲಿ ಮಾತ್ರವಲ್ಲ, ದೂರದ ಸರ್ವರಿನಲ್ಲೂ ಬರೆದಿರುತ್ತದೆ. ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್ ಮೊದಲು ಬಂದದ್ದು 2011ರಲ್ಲಿ. ಅದರ ಮೊದಲ ಮತ್ತು ಎರಡನೆಯ ತಲೆಮಾರುಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಂದು ಬೆಂಬಲ ನಿಲ್ಲಿಸಿತು. ಅಂದಿನಿಂದ ಅವು ಗೋಡೆಯ ಮೇಲೆ ಕೈಯಿಂದ ತಿರುಗಿಸಿದಂತೆ ನಡೆಯುತ್ತವೆ, ಫೋನಿನಿಂದ ನಡೆಸುವಂತಿಲ್ಲ. ಹಳೆಯ ಕೈಪಿಡಿಯಲ್ಲಿ ಫೋನಿನ ಬಗ್ಗೆ ಇರುವ ಅಧ್ಯಾಯವೆಲ್ಲ ಇಂದು ಅನ್ವಯಿಸದು. ಯಾರಾದರೂ ಬಳಸಿದ ಥರ್ಮೋಸ್ಟಾಟನ್ನು ಅಗ್ಗಕ್ಕೆ ಕೊಡುತ್ತೇವೆಂದರೆ ತಲೆಮಾರನ್ನು ಮೊದಲು ಕೇಳಿ.

ಕೈಪಿಡಿ ಏನೂ ಸಿಗದ ಅಪರಿಚಿತ ಉಪಕರಣ ಕೈಗೆ ಬಂದರೆ ಕಡಿಮೆ ಜನರಿಗೆ ಗೊತ್ತಿರುವ ಒಂದು ಬಾಗಿಲಿದೆ. ಅಮೆರಿಕದಲ್ಲಿ ಮಾರುವ ಪ್ರತಿಯೊಂದು ವೈಫೈ ಉಪಕರಣದ ರೇಡಿಯೊ ಭಾಗಕ್ಕೂ ಫೆಡರಲ್ ಸಂವಹನ ಆಯೋಗದ ಒಪ್ಪಿಗೆ ಬೇಕು, ಒಪ್ಪಿಗೆಯ ಗುರುತು ‘ಎಫ್‌ಸಿಸಿ ಐಡಿ’ ಎಂಬ ಹೆಸರಿನಲ್ಲಿ ಬೆನ್ನಿನ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಆ ಗುರುತನ್ನು ಆಯೋಗದ ಸಾರ್ವಜನಿಕ ದತ್ತಸಂಗ್ರಹದಲ್ಲಿ ಹಾಕಿದರೆ ಪರೀಕ್ಷಾ ವರದಿಗಳು, ಅನೇಕ ಸಲ ಬಳಕೆದಾರರ ಕೈಪಿಡಿ, ಕೆಲವೊಮ್ಮೆ ಉಪಕರಣವನ್ನು ಬಿಚ್ಚಿ ತೆಗೆದ ಒಳಚಿತ್ರಗಳು ಕೂಡ ಸಿಗುತ್ತವೆ. ಸರ್ಕ್ಯೂಟ್ ನಕ್ಷೆಯನ್ನು ಮಾತ್ರ ತಯಾರಕರು ಗೋಪ್ಯವಾಗಿಡಲು ಕೇಳಿಕೊಂಡಿರುತ್ತಾರೆ. ವರದಿಯಲ್ಲಿ ಆವರ್ತನ 2.4 ಗಿಗಾಹರ್ಟ್ಸ್‌ನ ಪಟ್ಟಿ ಮಾತ್ರ ಕಂಡರೆ, ನಿಮ್ಮ ರೌಟರಿನ 5 ಗಿಗಾಹರ್ಟ್ಸ್‌ನ ವೈಫೈಗೆ ಅದು ಏಕೆ ಸೇರುತ್ತಿಲ್ಲವೆಂಬ ಒಗಟು ಅಲ್ಲಿಗೇ ಬಿಡಿಸಿಕೊಳ್ಳುತ್ತದೆ.

ಇನ್ನು ಸಂಖ್ಯೆಗಳನ್ನು ಓದುವ ಬಗೆ. ಟ್ರಾನ್ಸ್‌ಫಾರ್ಮರಿನ ಮೇಲೆ ‘40 ವಿಎ’, ಎಂದರೆ 40 ವೋಲ್ಟ್-ಆಂಪಿಯರ್, ಎಂದಿದ್ದರೆ ಅದನ್ನು 24ರಿಂದ ಭಾಗಿಸಿ: ಸುಮಾರು 1.67 ಆಂಪಿಯರ್. ಫರ್ನೇಸ್‌ನ ರಿಲೇಗಳು, ಹೊರಗಿನ ಕಂಪ್ರೆಸರಿನ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು, ಈಗ ನಿಮ್ಮ ಥರ್ಮೋಸ್ಟಾಟ್ ಎಲ್ಲವೂ ಆ ಒಂದೇ ಗಂಟಿನಲ್ಲಿ ಹಂಚಿಕೊಳ್ಳಬೇಕು. ಅದೇ ಟ್ರಾನ್ಸ್‌ಫಾರ್ಮರಿಗೆ ಮೊದಲೇ ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಒಂದನ್ನು ನೇತುಹಾಕಿದ್ದರೆ ಲೆಕ್ಕ ಬಿಗಿಯಾಗುತ್ತದೆ. ಥರ್ಮೋಸ್ಟಾಟ್‌ನ ವಿವರಪಟ್ಟಿಯಲ್ಲಿ ‘3ಎಚ್/2ಸಿ’ ಎಂದಿದ್ದರೆ ಅದು ಮೂರು ಹಂತದ ಶಾಖ, ಎರಡು ಹಂತದ ತಂಪಿನವರೆಗೆ ನಡೆಸಬಲ್ಲದು ಎಂದರ್ಥ. ಡಬ್ಲ್ಯೂ ಒಂದು, ವೈ ಒಂದು ಇರುವ ನಿಮಗೆ ಒಂದು–ಒಂದು ಸಾಕು. ಹೆಚ್ಚು ಬರೆದದ್ದೇ ಹೆಚ್ಚು ಒಳ್ಳೆಯದೆಂದು ದುಡ್ಡು ಸುರಿಯಬೇಕಾಗಿಲ್ಲ.

ಜನ ಹೆಚ್ಚು ತಪ್ಪು ಮಾಡುವುದು ‘ವ್ಯತ್ಯಾಸ’ ಎಂಬ ಸಾಲಿನಲ್ಲಿ. ನೀವು 68 ಡಿಗ್ರಿ ಫ್ಯಾರನ್‌ಹೀಟ್ ಇಟ್ಟಿದ್ದರೆ, ಎಂದರೆ 20 ಡಿಗ್ರಿ ಸೆಲ್ಸಿಯಸ್, ಫರ್ನೇಸ್ ಎಷ್ಟು ಕೆಳಗಿಳಿದ ಮೇಲೆ ಹತ್ತಬೇಕೆಂಬುದನ್ನು ಈ ಸಂಖ್ಯೆ ಹೇಳುತ್ತದೆ. ಅದು ಅರ್ಧ ಡಿಗ್ರಿ ಫ್ಯಾರನ್‌ಹೀಟ್ ಎಂದಿದ್ದರೆ ಸೆಲ್ಸಿಯಸ್‌ಗೆ ತಿರುಗಿಸುವಾಗ 32 ಕಳೆಯಬಾರದು. ಅದು ಉಷ್ಣತೆಯಲ್ಲ, ಎರಡು ಉಷ್ಣತೆಗಳ ನಡುವಿನ ಅಂತರ, 1.8ರಿಂದ ಭಾಗಿಸಿದರೆ ಸಾಕು, ಸುಮಾರು 0.28 ಡಿಗ್ರಿ ಸೆಲ್ಸಿಯಸ್. ಸೆಲ್ಸಿಯಸ್‌ನಲ್ಲಿ ಕಲಿತು ಬಂದ ನಮ್ಮವರು ಇಲ್ಲಿ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅಂತರ ತೀರ ಕಡಿಮೆಯಿದ್ದರೆ ಕೋಣೆಯ ಶಾಖ ಸ್ಥಿರವಾಗಿರುತ್ತದೆ, ಆದರೆ ಯಂತ್ರ ಪದೇ ಪದೇ ಹತ್ತಿ ಆರುತ್ತದೆ. ಹೆಚ್ಚಿಸಿದರೆ ಯಂತ್ರಕ್ಕೆ ಬಿಡುವು ಸಿಗುತ್ತದೆ, ನಿಮಗೆ ಚಳಿಯ ಅರಿವಾಗುತ್ತದೆ.

ಕೆಲವು ಕೈಪಿಡಿಗಳು ಅಂತರದ ಬದಲು ‘ಗಂಟೆಗೆ ಎಷ್ಟು ಸುತ್ತು’ ಎಂದು ಕೇಳುತ್ತವೆ, ಎಂದರೆ ಯಂತ್ರ ಗಂಟೆಗೆ ಎಷ್ಟು ಬಾರಿ ಹತ್ತಿ ಆರಬೇಕೆಂದು. ಹನಿವೆಲ್‌ನ ಕೋಷ್ಟಕಗಳಲ್ಲಿ 90 ಶೇಕಡಕ್ಕಿಂತ ಹೆಚ್ಚು ದಕ್ಷತೆಯ ಗ್ಯಾಸ್ ಫರ್ನೇಸ್‌ಗೆ 3, ಅದಕ್ಕಿಂತ ಕಡಿಮೆಯದಕ್ಕೆ 5, ವಿದ್ಯುತ್ತಿನಿಂದ ಕಾಯುವುದಕ್ಕೆ 9 ಎಂದಿರುತ್ತದೆ. ನಿಮ್ಮದು ಯಾವುದು? ಫರ್ನೇಸ್‌ನಿಂದ ಹೊರಹೋಗುವ ಕೊಳವೆ ನೋಡಿ. ಬಿಳಿ ಪ್ಲಾಸ್ಟಿಕ್ಕಿನದಾದರೆ ಅದು ಹೆಚ್ಚು ದಕ್ಷತೆಯ ಬಗೆ, ಹೊಗೆ ಅಷ್ಟು ತಣ್ಣಗಾಗಿ ಹೋಗುವುದರಿಂದ ಪ್ಲಾಸ್ಟಿಕ್ ತಾಳುತ್ತದೆ. ತಗಡಿನ ಕೊಳವೆಯಾದರೆ ಕಡಿಮೆ ದಕ್ಷತೆಯದು. ಕಂಪ್ರೆಸರ್ ಆರಿದ ಮೇಲೆ ಕನಿಷ್ಠ 5 ನಿಮಿಷ ಹತ್ತಬಾರದೆಂಬ ಸಂಖ್ಯೆಯನ್ನು ಮಾತ್ರ ಎಂದೂ ಇಳಿಸಬೇಡಿ. ಒಳಗಿನ ಒತ್ತಡ ಸಮನಾಗುವ ಮೊದಲೇ ಅದನ್ನು ಎಬ್ಬಿಸಿದರೆ ಕಂಪ್ರೆಸರಿನ ಆಯುಷ್ಯವೇ ಕಡಿಮೆಯಾಗುತ್ತದೆ.

ಉಳಿತಾಯದ ಸಂಖ್ಯೆಗಳನ್ನೂ ಇದೇ ಕಣ್ಣಿನಿಂದ ಓದಿ. ಇಂಧನ ಉಳಿಸುವ ಉಪಕರಣಗಳಿಗೆ ಅಮೆರಿಕ ಸರ್ಕಾರದ ಕಾರ್ಯಕ್ರಮವೊಂದು ಕೊಡುವ ಎನರ್ಜಿ ಸ್ಟಾರ್ ಗುರುತಿನ ಸ್ಮಾರ್ಟ್ ಥರ್ಮೋಸ್ಟಾಟ್‌ಗಳಿಂದ ಸರಾಸರಿ ಸುಮಾರು 8 ಶೇಕಡ ಉಳಿತಾಯವೆಂದು ಆ ಕಾರ್ಯಕ್ರಮ ಹೇಳುತ್ತದೆ. ಅದು ಶಾಖ ಮತ್ತು ತಂಪಿನ ಖರ್ಚಿನಲ್ಲಿ ಮಾತ್ರ, ಇಡೀ ಬಿಲ್ಲಿನಲ್ಲಲ್ಲ. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ದಿನಕ್ಕೆ 8 ಗಂಟೆ ಉಷ್ಣತೆಯನ್ನು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಬದಲಿಸಿಟ್ಟರೆ, ಚಳಿಗಾಲದಲ್ಲಾದರೆ ಇಳಿಸಿಟ್ಟರೆ, ವರ್ಷಕ್ಕೆ 10 ಶೇಕಡದವರೆಗೆ ಉಳಿಸಬಹುದು. ಮನೆಯಲ್ಲಿ ಪುಟ್ಟ ಮಗುವೋ ವಯಸ್ಸಾದವರೋ ಇಡೀ ದಿನ ಇರುವುದಾದರೆ ಆ ಲೆಕ್ಕ ನಿಮಗೆ ಹೊಂದುವುದಿಲ್ಲ.

ಇದೆಲ್ಲವೂ 24 ವೋಲ್ಟಿನ ಮನೆಗಳ ಮಾತು. ಗೋಡೆಯ ತಟ್ಟೆ ಬಿಚ್ಚಿದಾಗ ದಪ್ಪನೆಯ ಎರಡು ಅಥವಾ ನಾಲ್ಕು ತಂತಿಗಳು ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಕಂಡರೆ, ಅವು ಗೋಡೆಯ ಬುಡದ ಹೀಟರಿಗೆ ಹೋಗುವ 120 ಅಥವಾ 240 ವೋಲ್ಟಿನ ತಂತಿಗಳು. ಅಲ್ಲಿಗೇ ಕೈಬಿಟ್ಟು ಮುಚ್ಚಿ. ಎ, ಬಿ, ಸಿ, ಡಿ ಎಂಬ ನಾಲ್ಕೇ ಅಕ್ಷರಗಳಿದ್ದರೆ ಥರ್ಮೋಸ್ಟಾಟ್ ಮತ್ತು ಫರ್ನೇಸ್ ದತ್ತಾಂಶದ ಭಾಷೆಯಲ್ಲಿ ಮಾತಾಡುವ ವ್ಯವಸ್ಥೆ ಅದು, ಅಂಗಡಿಯ ಥರ್ಮೋಸ್ಟಾಟ್ ಅಲ್ಲಿ ನಡೆಯದು.

ನಿಮ್ಮ ಕೆಲಸಕ್ಕೆ ವೋಲ್ಟ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ವಿದ್ಯುತ್ತು ಆರಿಸಿ, ತಂತಿಗಳನ್ನು ಬಿಚ್ಚುವ ಮೊದಲು ಚಿತ್ರ ತೆಗೆದು, ಒಂದೊಂದಕ್ಕೂ ಅದು ಕುಳಿತಿದ್ದ ಅಕ್ಷರದ ಚೀಟಿ ಅಂಟಿಸಿ. ಐದನೆಯ ತಂತಿಯನ್ನು ಸಿಗೆ ಸೇರಿಸಿದ ಮೇಲೆ, ತುದಿಗಳು ಒಂದನ್ನೊಂದು ಮುಟ್ಟದಂತೆ ಬಿಡಿಸಿಟ್ಟು, ಬಾಗಿಲು ಮುಚ್ಚಿ ವಿದ್ಯುತ್ತು ಕೊಟ್ಟು, ಗೋಡೆಯ ಬಳಿ ಆರ್ ಮತ್ತು ಸಿ ನಡುವೆ ಪರ್ಯಾಯ ವೋಲ್ಟ್ ಅಳೆಯಿರಿ. 24ರಿಂದ 28ರೊಳಗೆ ಬಂದರೆ ದಾರಿ ಸರಿಯಾಗಿದೆ. ಏನೂ ಬಾರದಿದ್ದರೆ ಹೊಸ ಥರ್ಮೋಸ್ಟಾಟನ್ನು ಅಂಗಡಿಗೆ ಒಯ್ಯುವ ಮೊದಲು ಫರ್ನೇಸ್‌ನ ಬೋರ್ಡಿನ ಮೇಲೆ ಕಾರಿನಲ್ಲಿರುವಂಥದ್ದೇ ಒಂದು ಪುಟ್ಟ ಫ್ಯೂಸನ್ನು ನೋಡಿ, ನೇರಳೆಯಾದರೆ 3 ಆಂಪಿಯರ್, ತಿಳಿಗಂದಾದರೆ 5. ಆರ್ ಮತ್ತು ಸಿ ಒಂದು ಕ್ಷಣ ಮುಟ್ಟಿದ್ದರೂ ಅದು ಹೋಗಿರುತ್ತದೆ. ಮೊದಲಿದ್ದ ಅಂಕಿಯದನ್ನೇ ಮರಳಿ ಹಾಕಬೇಕು. ಬೇಸಿಗೆಯಲ್ಲಿ ಒಂದು ದಿನ ಪರದೆ ತಾನಾಗಿ ಕಪ್ಪಾದರೆ ಎಸಿಯ ನೀರು ಹೋಗುವ ಕೊಳವೆ ಕಟ್ಟಿಕೊಂಡಿದೆಯೇ ನೋಡಿ. ನೀರು ತುಂಬಿದಾಗ ತೇಲುವ ಸ್ವಿಚ್ಚು ಆರ್ ತಂತಿಯನ್ನೇ ಕಡಿಯುವಂತೆ ಜೋಡಿಸಿರುವ ಮನೆಗಳು ಬಹಳ ಇವೆ. ಗ್ಯಾಸಿನ ವಾಸನೆ ಬಂದರೆ ಮಾತ್ರ ಮೀಟರನ್ನೂ ಕೈಪಿಡಿಯನ್ನೂ ಅಲ್ಲೇ ಬಿಟ್ಟು ಎಲ್ಲರೂ ಮನೆಯಿಂದ ಹೊರಬಂದು, ಹೊರಗಿನಿಂದಲೇ ಗ್ಯಾಸ್ ಕಂಪನಿಗೆ ಕರೆ ಮಾಡಿ.

ಬೆಂಗಳೂರಿಗೆ ಇದನ್ನು ಒಯ್ಯಬೇಡಿ. ಅಲ್ಲಿಯ ಮನೆಗಳ ಸ್ಪ್ಲಿಟ್ ಎಸಿ ರಿಮೋಟಿನ ಅವಕೆಂಪು ಬೆಳಕಿಗೆ ಓಗೊಡುತ್ತದೆ. ಆರ್, ವೈ, ಜಿ ಎಂಬ ತಿರುಪುಗಳು ಅದರಲ್ಲಿ ಇರುವುದಿಲ್ಲ. ಫೋನಿನಿಂದ ನಡೆಸಬೇಕೆಂದಿದ್ದರೆ ಅದೇ ರಿಮೋಟಿನ ಸಂಕೇತಗಳನ್ನು ಕಳಿಸುವ ಚಿಕ್ಕ ಉಪಕರಣ ಅಲ್ಲಿಯೇ ಸಿಗುತ್ತದೆ.

ಹಳೆಯ ದುಂಡನೆಯದನ್ನು ಕಸದ ಡಬ್ಬಿಗೆ ಹಾಕಬೇಡಿ. ಮುಚ್ಚಳ ತೆಗೆದು ನೋಡಿ: ಲೋಹದ ಸುರುಳಿಯ ಮೇಲೆ ಬೆರಳ ತುದಿಯಷ್ಟು ಗಾಜಿನ ಬುರುಡೆ, ಅದರೊಳಗೆ ಅತ್ತಿಂದಿತ್ತ ಉರುಳುವ ಬೆಳ್ಳಿಯ ಬಣ್ಣದ ಹನಿ ಇದ್ದರೆ ಅದು ಪಾದರಸ, ಸುಮಾರು 3 ಗ್ರಾಂ ಇರುತ್ತದೆ. ಅದನ್ನು ಅಲುಗಾಡದಂತೆ ಡಬ್ಬಿಯಲ್ಲಿಟ್ಟು, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಇಂಥವನ್ನು ಹಿಂದಕ್ಕೆ ಪಡೆಯಲೆಂದೇ ಥರ್ಮೋಸ್ಟಾಟ್ ರೀಸೈಕ್ಲಿಂಗ್ ಕಾರ್ಪೊರೇಷನ್ 1998ರಿಂದ ಕೆಲಸ ಮಾಡುತ್ತಿದೆ, ಅದರ ಸಂಗ್ರಹ ಡಬ್ಬಿಗಳು ಫರ್ನೇಸ್ ಬಿಡಿಭಾಗಗಳ ಸಗಟು ಅಂಗಡಿಗಳಲ್ಲಿ ಇರುತ್ತವೆ. ನಿಮ್ಮ ನೇಪರ್‌ವಿಲ್‌ನಲ್ಲಿಯೇ ಮನೆಬಳಕೆಯ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಕೇಂದ್ರವೂ ಇದೆ, ಅಲ್ಲಿಗೂ ಕೊಡಬಹುದು. ಆದರೆ ಹೊಸದು ಒಂದು ಚಳಿಗಾಲ ತೊಂದರೆಯಿಲ್ಲದೆ ಕಳೆಯುವವರೆಗೆ ಕೊಡಬೇಡಿ. ನಡುರಾತ್ರಿ ಪರದೆ ಕಪ್ಪಾದರೆ ಫರ್ನೇಸ್ ಹತ್ತಿಸಲು ಆ ದುಂಡನೆಯದೇ ನಿಮ್ಮ ಕೈಯಲ್ಲಿರಬೇಕು.